ನಾಂದಿಯ ತನಕ

ಶೃಂಗೇರಿಯಲ್ಲಿ ಬಸ್ಸು ಹತ್ತಿದ ಅರುಣ ಮೊದಲು ಹುಡುಕಿದ್ದು ಖಾಲಿ ಸೀಟನ್ನಲ್ಲ, ಗುರುತಿನ ಮುಖಗಳನ್ನು. ಒಂದೂ ಇಲ್ಲವೆಂದು ಖಾತ್ರಿಯಾದ ಮೇಲೆ ಕಿಟಕಿಯ ಬಳಿ ಕೂತು, ಯಾರೂ ಬಂದು ಕೂರದಿರಲೆಂದು ಪಕ್ಕದ ಜಾಗದ ಮೇಲೆ ಬ್ಯಾಗಿಟ್ಟ. ಬೇರೆ ದಿನವಾಗಿದ್ದರೆ ಗುರುತಿನವರಿಲ್ಲದ ಬಸ್ಸು ಸಿಕ್ಕಿದ್ದಕ್ಕೆ ಬೇಜಾರು ಮಾಡಿಕೊಳ್ಳುವ ಮನುಷ್ಯ ಅವನು. ನಿಲ್ದಾಣದ ಎದುರೇ ಅವನ ಝೆರಾಕ್ಸ್ ಮತ್ತು ಟಿಕೆಟ್ ಬುಕಿಂಗ್ ಅಂಗಡಿ. ಮಠಕ್ಕೆ ಬಂದ ಯಾತ್ರಿಕರಿಗೆ ರೈಲು, ಕೋಚು, ವಿಮಾನ ಯಾವುದಕ್ಕೆ ಬೇಕಾದರೂ ಸೀಟು ತೆಗೆದುಕೊಟ್ಟು, ದಾರಿಯಲ್ಲಿ ಎಲ್ಲಿ ಊಟ ಮಾಡಬೇಕು, ಎಲ್ಲಿ ಮಾಡಬಾರದು ಎಂಬ ಬಿಟ್ಟಿ ಉಪದೇಶವನ್ನೂ ಕೊಟ್ಟು ಕಳಿಸುವವನು. ಮಗಳ ಮದುವೆಗೆಂದು ಶಿವಮೊಗ್ಗದಿಂದ ಗೋವಾಕ್ಕೆ ಇಡೀ ದಿಬ್ಬಣಕ್ಕೆ ವಿಮಾನದ ಸೀಟು ತೆಗೆದವನೂ ಅವನೇ. ತನ್ನ ಸೀಟನ್ನು ಮಾತ್ರ ಹೋದ ವಾರ ರದ್ದು ಮಾಡಿ, ವಿಮಾನದಲ್ಲಿ ಕಿವಿ ನೋಯುತ್ತದೆ, ಬಸ್ಸಿನಲ್ಲಿ ಹೋಗಿ ಕೊನೆಗೆ ಫೆರಿ ದಾಟಿ ಬರುತ್ತೇನೆ ಎಂದಿದ್ದ. ಚಿಕ್ಕಂದಿನಲ್ಲಿ ಕಿವಿ ಸೋರುತ್ತಿದ್ದದ್ದು ನಿಜವಾದ್ದರಿಂದ ಎಲ್ಲರೂ ನಂಬಿದರು. "ಒಂದು ನಿದ್ದೆ ತೆಗೆಯೋದ್ರೊಳಗೆ ಮುಟ್ಟೋ ಊರಿಗೆ ಹಗಲೂ ರಾತ್ರಿ ಒದ್ದಾಡ್ತೀಯಲ್ಲ ಮಾರಾಯ" ಎಂದು ಭಾವಮೈದ ನಕ್ಕಿದ್ದ. ನಗಲಿ. ವಿಮಾನ ನಿಲ್ದಾಣದಲ್ಲಿ ಅಷ್ಟೂ ನೆಂಟರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಫೋನು. ಅದರಲ್ಲಿ ಒಂದು ಬಡಿದುಕೊಂಡು, ಯಾವನೋ ಒಬ್ಬ ಮುಖ ಸಣ್ಣಗೆ ಮಾಡಿಕೊಂಡು ಹತ್ತಿರ ಬಂದು ಬಾಯಿ ತೆರೆದರೆ ಮದುವೆ ಅಲ್ಲಿಗೆ ನಿಂತಿತು.

ಭಂಡಿಗಡಿಯ ದೊಡ್ಡಪ್ಪ ಸುಬ್ಬಯ್ಯ ಕೊಪ್ಪದ ಒಂದು ನರ್ಸಿಂಗ್ ಹೋಮಿನಲ್ಲಿ ಮಲಗಿದ್ದರು. ಏಳುತ್ತಾರೆಂಬ ಆಸೆ ಯಾರಿಗೂ ಇರಲಿಲ್ಲ. ದೊಡ್ಡಪ್ಪ ಹೋದರೆ ಹತ್ತು ದಿನ ಸೂತಕ, ಸೂತಕದಲ್ಲಿ ಮದುವೆ ಇಲ್ಲ. ಆದರೆ ಶಾಸ್ತ್ರದಲ್ಲಿ ಎರಡು ಸಂದುಗಳಿವೆ ಎಂದು ಮನೆಯ ಪುರೋಹಿತರು ಎಲೆಅಡಿಕೆಯ ಕವಳ ಹಾಕಿಕೊಳ್ಳುತ್ತ ಹೇಳಿದ್ದರು. ಮದುವೆಯ ಮೊದಲಿಗೆ ಹಿರಿಯರನ್ನು ಕರೆದು ನಾಂದಿ ಇಟ್ಟುಬಿಟ್ಟರೆ ಆಮೇಲೆ ಯಾರು ಸತ್ತರೂ ಆ ಕಾರ್ಯಕ್ಕೆ ಸೂತಕ ತಾಗುವುದಿಲ್ಲ. ಇನ್ನೊಂದು, ದೂರದಲ್ಲಿದ್ದವನಿಗೆ ಸೂತಕ ಸಾವಿನಿಂದ ಅಲ್ಲ, ಸುದ್ದಿಯಿಂದ. "ಕಿವಿಗೆ ಬಿದ್ರೆ ಉಂಟು, ಬೀಳದಿದ್ರೆ ಇಲ್ಲ. ನಾಂದಿ ಆಗೋ ತನಕ ನೀ ಯಾರ ಕೈಗೂ ಸಿಕ್ಕಬೇಡ, ಅಷ್ಟೆ" ಎಂದಿದ್ದರು. ನಾಂದಿ ಇಡಬೇಕಾದದ್ದು ನಾಳೆ ಗುರುವಾರ ಬೆಳಗ್ಗೆ, ಗೋವಾದ ನದಿಯ ನಡುವಿನ ಒಂದು ದ್ವೀಪದಲ್ಲಿ, ಗಂಡಿನ ಮನೆದೇವರ ಗುಡಿಯಲ್ಲಿ. ಮಗಳು ರಮ್ಯ ಪಣಜಿಯ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ರಜೆ ಸಿಗದೆ ಅವಳು ಊರಿಗೆ ಬರಲಿಲ್ಲ, ಅವಳಿಲ್ಲದೆ ಮನೆಯಲ್ಲೇ ಮುಂಚಿತವಾಗಿ ನಾಂದಿ ಇಡುವ ಹಾಗೂ ಇರಲಿಲ್ಲ. ಗಂಡಿನ ಅಜ್ಜಿ ತೀರಿಕೊಂಡು ಮದುವೆ ಒಂದು ಸಲ ಆಗಲೇ ಮುಂದಕ್ಕೆ ಹೋಗಿತ್ತು. ಆಗ ರಮ್ಯ ಹೇಳಿದ್ದಳು: "ಇನ್ನೊಂದ್ಸಲ ಮುಂದೆ ಹೋದ್ರೆ ನಾವು ರಿಜಿಸ್ಟರ್ ಮಾಡ್ಕೊಳ್ತೀವಿ ಅಪ್ಪ. ಯಾರೂ ಬರೋದು ಬೇಡ, ನೀವೂ ಬೇಡ." ಒಬ್ಬಳೇ ಮಗಳು, ಹೇಳಿದ್ದನ್ನು ಮಾಡುವವಳು. ಅವಳ ಕೈಯನ್ನು ಧಾರೆಯೆರೆದು ಕೊಡುವ ಒಂದು ಗಳಿಗೆಗಾಗಿ ಅರುಣ ಏನು ಮಾಡಲೂ ತಯಾರಿದ್ದ. ಫೋನನ್ನು ಹೆಂಡತಿ ಜ್ಯೋತ್ಸ್ನಾಳ ಕೈಗೆ ಕೊಟ್ಟು ಹೊರಟಿದ್ದ. ಏನಾದರೂ ಆದರೆ ನನಗೊಬ್ಬಳಿಗೆ ಮಾತ್ರ ಹೇಳು, ನಾನು ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದು ದೊಡ್ಡಪ್ಪನ ಮಗ ದೀಪುವಿಗೆ ಅವಳೇ ಹೇಳಿದ್ದಳು. ಕೇಳಿದರೆ ನಿನಗೂ ಸೂತಕ ಬರುತ್ತದಲ್ಲ ಎಂದಿದ್ದಕ್ಕೆ, "ಹೆಂಗಸರ ಹೊಟ್ಟೇಲಿ ಎಂತ ಇದೆ ಅಂತ ಯಾವ ಪುರೋಹಿತರು ಕೇಳಿದಾರೆ?" ಎಂದಿದ್ದಳು.

ಬಸ್ಸು ಹರಿಹರಪುರದ ಕಡೆಗೆ ಓಡುತ್ತಿತ್ತು. ಬಿಸಿಲಿಗೆ ರಸ್ತೆಯ ಬದಿಯ ಎಲೆಗಳೆಲ್ಲ ಧೂಳು ಕುಡಿದು ಕೆಂಪಾಗಿದ್ದವು. ಗೋವಾಕ್ಕೆ ಹೋಗುವವನು ಆಗುಂಬೆ ಘಟ್ಟ ಇಳಿದು ಉಡುಪಿಯ ಮೇಲೆ ಹೋಗುವುದು ಬಿಟ್ಟು ಕೊಪ್ಪ, ನರಸಿಂಹರಾಜಪುರ, ಶಿವಮೊಗ್ಗ ಎಂದು ಸುತ್ತಿ ರಾತ್ರಿ ಕೋಚು ಹಿಡಿಯುವುದೆಂದರೆ ತಲೆಯ ಹಿಂದಿನಿಂದ ಕೈ ತಂದು ಮೂಗು ಹಿಡಿದ ಹಾಗೆ. ಟಿಕೆಟ್ ಬುಕಿಂಗಿನವನಿಗೆ ಇದು ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಘಟ್ಟದ ಕೆಳಗೆ ಹೋಗುವ ಬಸ್ಸುಗಳ ತುಂಬ ಕರಾವಳಿಯ ದೊಡ್ಡ ಆಸ್ಪತ್ರೆಗಳಿಗೆ ಹೊರಟ ನೆಂಟರೇ ಇರುತ್ತಾರೆ ಎಂದು ಜ್ಯೋತ್ಸ್ನಾಗೆ ಹೇಳಿದ್ದ, ತನಗೂ ಹೇಳಿಕೊಂಡಿದ್ದ. ಹಾಗಾದರೆ ದೊಡ್ಡಪ್ಪ ಮಲಗಿರುವ ಕೊಪ್ಪದ ಮೇಲೆಯೇ ಯಾಕೆ ಹೋಗುತ್ತೀರಿ ಎಂದು ಅವಳು ಕೇಳಲಿಲ್ಲ. ಮೊನ್ನೆ ಸಂಜೆ ನೋಡಲು ಹೋದಾಗ ದೊಡ್ಡಪ್ಪ ಅವನ ಮಣಿಕಟ್ಟು ಹಿಡಿದುಕೊಂಡಿದ್ದರು. ಅಪ್ಪ ತೀರಿಹೋದ ವರ್ಷ ಭಂಡಿಗಡಿಯ ಇಳಿಜಾರಿನಲ್ಲಿ ಸೈಕಲ್ಲಿನ ಸೀಟು ಹಿಡಿದು ಹಿಂದೆ ಓಡಿಬಂದ ಕೈ ಅದು, ಬಿಟ್ಟಿದ್ದೇನೆ ಎಂದು ಹೇಳದೆ ಬಿಟ್ಟು, ಅವನು ಹುಣಸೆ ಮರದ ತನಕ ಒಬ್ಬನೇ ಹೋಗಿ ತಿರುಗಿ ನೋಡಿ ಹೆದರಿ ಬಿದ್ದಾಗ ಎತ್ತಿ ನಿಲ್ಲಿಸಿದ್ದು ಅದೇ ಕೈ, ಈಗ ಸೂಜಿ ಚುಚ್ಚಿ ಚುಚ್ಚಿ ನೀಲಿಗಟ್ಟಿ ಅವನ ಗಡಿಯಾರದ ಮೇಲೆ ಬಿದ್ದಿತ್ತು. ದೊಡ್ಡಪ್ಪ ಏನೋ ಹೇಳಲು ಬಾಯಿ ಅಗಲಿಸಿದ್ದರು. ಆಗಲೇ ಡಾಕ್ಟರು ಬಂದರು, ಆಗಲೇ ಅರುಣನಿಗೆ ಕೇಳಬೇಕೆನಿಸಿತು. "ಡಾಕ್ಟ್ರೇ, ಗುರುವಾರ ಕಳೀಬಹುದಾ?"

ಡಾಕ್ಟರು ಇನ್ನೂ ಮೀಸೆ ಬಲಿಯದ ಹುಡುಗ. "ಗುರುವಾರ ಏನಿದೆ?" ಎಂದ. "ಮನೇಲಿ ಒಂದು ಶುಭಕಾರ್ಯ" ಎಂದು ಅರುಣ ಹೇಳಿದ, ಸೀಟಿದೆಯಾ ಎಂದು ಅಂಗಡಿಯಲ್ಲಿ ಗಿರಾಕಿಗಳು ಕೇಳುವ ಧ್ವನಿಯಲ್ಲಿ. ಡಾಕ್ಟರು ಅವನನ್ನೊಮ್ಮೆ ನೋಡಿ, "ನಾವು ಅವರು ಬದುಕ್ಲಿ ಅಂತ ನೋಡ್ತಿರೋದು" ಎಂದಷ್ಟೇ ಹೇಳಿ ಹೋದ. ಡ್ರಿಪ್ಪು ಬದಲಿಸುತ್ತಿದ್ದ ನರ್ಸ್ ಶಾಲಿನಿ ತಲೆ ಎತ್ತಲಿಲ್ಲ, ಆದರೆ ಅವಳ ಕೈ ಒಂದು ಕ್ಷಣ ನಿಂತಿತು. ದೊಡ್ಡಪ್ಪನ ಕಣ್ಣು ತೆರೆದೇ ಇತ್ತು. ಕೇಳಿಸಿತೇ? ದೊಡ್ಡಪ್ಪನಿಗೆ ಈಚೆಗೆ ಕಿವಿ ಮಂದ ಎಂದು ಮೆಟ್ಟಿಲಿಳಿಯುವಾಗ ಹೇಳಿಕೊಂಡ, ಬಸ್ಸಿನಲ್ಲಿ ಹೇಳಿಕೊಂಡ, ಹಾಸಿಗೆಯಲ್ಲಿ ಹೇಳಿಕೊಂಡ. ಶೃಂಗೇರಿಯಲ್ಲಿ ಇಳಿದು ಅಮ್ಮನವರ ಗುಡಿಯ ಮುಂದೆ ನಿಂತಾಗಲೂ ದೊಡ್ಡಪ್ಪ ಹುಷಾರಾಗಲಿ ಎಂಬ ಮಾತು ಬಾಯಿಗೆ ಬರಲಿಲ್ಲ, ಗುರುವಾರದ ತನಕ ಇಡು ತಾಯಿ ಎಂದೇ ಬಂತು. ದೇವರ ಹತ್ತಿರವೂ ದಿನಾಂಕ ಕೊಟ್ಟು ಬುಕಿಂಗ್ ಮಾಡಿಸುವ ಬುದ್ಧಿ ತನ್ನದು ಎಂದು ಅಸಹ್ಯವಾಯಿತು. ಅಸಹ್ಯವಾಯಿತೆಂದು ಪ್ರಾರ್ಥನೆಯನ್ನೇನೂ ಬದಲಿಸಲಿಲ್ಲ.

ಹರಿಹರಪುರದಲ್ಲಿ ನಿವೃತ್ತ ಟೀಚರು ವನಮಾಲಾ ಹತ್ತಿದರು, ಬೇರೆ ಸೀಟುಗಳಿದ್ದರೂ ನೇರ ಬಂದು ಅವನ ಬ್ಯಾಗನ್ನು ಎತ್ತಿ ಅವನ ತೊಡೆಯ ಮೇಲಿಟ್ಟು ಕೂತರು. ಕೂತವರು ಸೆರಗಿನಿಂದ ಗಾಳಿ ಹಾಕಿಕೊಂಡು, ನಿಟ್ಟುಸಿರು ಬಿಟ್ಟು, "ವಿಷಯ ಗೊತ್ತಾಯ್ತಲ್ಲ ಅರುಣ" ಎಂದರು. ಅರುಣ ತಟ್ಟನೆ, "ಈ ಬಸ್ಸು ಈಗ ಬೇಗ ಹೊರಡ್ತದೆ ಅಲ್ವಾ ಟೀಚರೇ, ಮುಂಚೆ ಹಿಂಗಿರ್ಲಿಲ್ಲ" ಎಂದ. "ಎಂಥ ಪಾಪದ ಜೀವ ಅಂತೀನಿ. ಬೆಳಿಗ್ಗೆ ಕಾಫಿ ಕುಡಿದಿದಾರೆ, ಅಷ್ಟೆ" ಎಂದರು ಅವರು. "ಹೆಂಗಸರಿಗೆ ಟಿಕೆಟ್ ಇಲ್ಲ ಅಂತಾದ ಮೇಲೆ ಸರ್ಕಾರಿ ಬಸ್ಸಿಗೇ ಜನ, ನಮ್ಮ ಈ ಪ್ರೈವೇಟಿನವರು ಬಾಗಿಲು ಹಾಕೋದೇ ಸೈ" ಎಂದು ಅರುಣ ಇಡೀ ಬಸ್ಸಿಗೆ ಕೇಳುವಂತೆ ಹೇಳಿ, ಕಿಟಕಿಯಿಂದ ತಲೆ ಹೊರಗೆ ಹಾಕಿದ. ಗಾಳಿ ಕಿವಿಯನ್ನು ತುಂಬಿದರೂ ಟೀಚರ ಧ್ವನಿ ನಲವತ್ತು ವರ್ಷ ಕೊನೆಯ ಬೆಂಚಿಗೆ ಮುಟ್ಟಿಸಿ ಪಳಗಿದ ಧ್ವನಿ. "ಪರಮೇಶ್ವರಪ್ಪ ಮಾಸ್ತರು ಮಾರಾಯ. ನಿನಗೂ ಲೆಕ್ಕ ಹೇಳಿಕೊಟ್ಟಿದಾರಲ್ಲ. ಹೋಗೇಬಿಟ್ರು."

"ಓ, ಪರಮೇಶ್ವರಪ್ಪ ಮಾಸ್ತರಾ" ಎಂದ ಅರುಣ, ಮತ್ತು ನಕ್ಕ. ನಗಬೇಕೆಂದು ನಕ್ಕದ್ದಲ್ಲ, ಎದೆಯಲ್ಲಿ ಹಿಡಿದಿಟ್ಟಿದ್ದ ಉಸಿರು ಹೊರಬರುವಾಗ ಬಾಯಿ ತಾನಾಗಿ ಅಗಲವಾಯಿತು. ಟೀಚರು ಅವನ ಮುಖವನ್ನೇ ನೋಡಿದರು. ಬಗಲಿಗೆ ಕೊಡೆ ಸಿಕ್ಕಿಸಿಕೊಂಡು, ಚೀಲದಲ್ಲಿ ಬಾಳೆಕಾಯಿ ಚಿಪ್ಸು ಇಟ್ಟುಕೊಂಡು ಬರುತ್ತಿದ್ದ ಮಾಸ್ತರು, ಭಿನ್ನರಾಶಿ ಬರದೆ ಅತ್ತವನಿಗೆ ಅದೇ ಚಿಪ್ಸನ್ನು ಮುರಿದು ಅರ್ಧ, ಕಾಲು, ಅರೆಕಾಲು ಎಂದು ತಿನ್ನಿಸಿ ಕಲಿಸಿದವರು, ಅವರು ಸತ್ತಿದ್ದಕ್ಕೆ ತನಗೆ ಸಂತೋಷವಾಗಿದೆ. ಇನ್ನೇನಾದರೂ ಹೇಳಬೇಕೆಂದು, "ವಯಸ್ಸಾಗಿತ್ತಲ್ಲ" ಎಂದ. "ವಯಸ್ಸು ಎಲ್ಲರಿಗೂ ಆಗ್ತದೆ" ಎಂದು ಟೀಚರು ಮುಖ ಮುಂದಕ್ಕೆ ತಿರುಗಿಸಿಕೊಂಡರು. ಕೊಪ್ಪದಲ್ಲಿ ಇಳಿಯುವಾಗ, "ಇಲ್ಲಿ ಬಸ್ಸು ಸುಮಾರು ಹೊತ್ತು ನಿಲ್ತದೆ. ಸುಬ್ಬಯ್ಯನೋರ್ನ ನೋಡ್ಕೊಂಡು ಬಾ" ಎಂದರು. "ಮೊನ್ನೆ ನೋಡಿದೆ" ಎಂದ ಅರುಣ. "ಮೊನ್ನೆ ಊಟ ಮಾಡಿದೀನಿ ಅಂತ ಇವತ್ತು ಬಿಡ್ತೀಯಾ?" ಎಂದು ಅವರು ಉತ್ತರಕ್ಕೆ ಕಾಯದೆ ಇಳಿದು ಹೋದರು.

ಕೊಪ್ಪದ ನಿಲ್ದಾಣದಿಂದ ಏರು ಹತ್ತಿದರೆ ನರ್ಸಿಂಗ್ ಹೋಮು. ಬಸ್ಸಿನೊಳಗೆ ಕೂತೇ ಅದರ ಮೇಲಿನ ಸಾಲಿನ ಕಿಟಕಿಗಳು ಕಾಣುತ್ತಿದ್ದವು, ದೊಡ್ಡಪ್ಪನದು ಕೊನೆಯದು. ಅರುಣ ಕಳ್ಳನ ಹಾಗೆ ಲಕ್ಷಣ ನೋಡಿದ. ಗೇಟಿನ ಮುಂದೆ ಜನ ಸೇರಿರಲಿಲ್ಲ. ಆಂಬ್ಯುಲೆನ್ಸು ತನ್ನ ಜಾಗದಲ್ಲೇ ನಿಂತಿತ್ತು. ದೀಪುವಿನ ಸ್ಕೂಟರು ನೆರಳಿನಲ್ಲಿತ್ತು. ಆದರೆ ಸ್ಕೂಟರು ಇದ್ದರೇನು, ಅಪ್ಪ ಸತ್ತವನು ಸ್ಕೂಟರು ಹತ್ತಿ ಹೋಗುತ್ತಾನೆಯೇ. ಇಳಿದ. ಏರು ಹತ್ತಿದ. ಮೆಡಿಕಲ್ ಅಂಗಡಿಯ ತನಕ ಹೋದ. ಒಳಗೆ ಹೋದರೆ ದೊಡ್ಡಪ್ಪ ಇರಬಹುದು, ಕೈ ಹಿಡಿಯಬಹುದು, ಮೊನ್ನೆ ಅರ್ಧಕ್ಕೆ ನಿಂತ ಮಾತನ್ನು ಮುಗಿಸಬಹುದು. ಇಲ್ಲದೆಯೂ ಇರಬಹುದು. ಬಾಗಿಲು ತೆರೆಯದಿದ್ದರೆ ಮಾತ್ರ ದೊಡ್ಡಪ್ಪ ಖಂಡಿತ ಇದ್ದಾರೆ, ರಮ್ಯಳ ಮದುವೆ ಖಂಡಿತ ಇದೆ. ಅಂಗಡಿಯವನು ಏನು ಬೇಕು ಎಂದ. ಕಿವಿಗೆ ಹತ್ತಿ ಎಂದ ಅರುಣ. ಕೊಂಡದ್ದಕ್ಕೆ ತನಗೇ ನಗು ಬಂತು, ಆದರೂ ಬಸ್ಸಿಗೆ ವಾಪಸು ಬಂದು ಎರಡೂ ಕಿವಿಗೆ ತುರುಕಿಕೊಂಡ. ಮೇಲೆ ಕೊನೆಯ ಕಿಟಕಿಯಲ್ಲಿ ಯಾರೋ ಪರದೆ ಸರಿಸಿದ ಹಾಗಾಯಿತು. ಯಾಕೆ ಸರಿಸಿದರು, ಗಾಳಿಗೋ, ಇನ್ಯಾತಕ್ಕೋ ಎಂದು ಯೋಚಿಸುವಾಗ ಬಸ್ಸು ಹೊರಟಿತು. ಹೊರಟಿದ್ದಕ್ಕೆ ಡ್ರೈವರನ ಮೇಲೆ ಸಿಟ್ಟು ಬಂತು.

ಕೊಪ್ಪದಲ್ಲಿ ಕಂಡಕ್ಟರು ಬದಲಾಗಿದ್ದ. ಹೊಸಬ ಕುಮಾರ, ದೊಡ್ಡಪ್ಪನ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದ ಸೀತಕ್ಕನ ಮಗ. ಗುರುತು ಹಿಡಿದು ನಕ್ಕ. ಹತ್ತಿಯ ಕಾರಣಕ್ಕೆ ಅವನು ಹೇಳಿದ್ದು ಕೇಳಿಸಲಿಲ್ಲ, ಅರುಣನೂ ನಕ್ಕ. ಆಮೇಲೆ ಕಾಡು, ಕಾಫಿ, ಒಂದಿಷ್ಟು ಗದ್ದೆ, ಮತ್ತೆ ಕಾಡು. ಊರು ಹಿಂದೆ ಸರಿದಷ್ಟೂ ಹಗುರಾಗಬೇಕಾದದ್ದು ಆಗಲಿಲ್ಲ, ತಿರುವು ತಿರುವಿನಲ್ಲೂ ಇಳಿದು ಓಡಬೇಕೆನಿಸಿತು, ಮುಂದಕ್ಕೋ ಹಿಂದಕ್ಕೋ ತಿಳಿಯಲಿಲ್ಲ. ದೊಡ್ಡಪ್ಪನಿಗೆ ಫೋನಿನಲ್ಲಿ ಮಾತಾಡಲು ಬರುವುದೇ ಇಲ್ಲ. ದೂರವಿದ್ದವರಿಗೆ ದೂರದಷ್ಟೇ ಜೋರಾಗಿ ಹೇಳಬೇಕೆಂದು ನಂಬಿದವರು. ಶೃಂಗೇರಿಗಾದರೆ ಸಾಧಾರಣ ಕೂಗು, ಪಣಜಿಯ ರಮ್ಯಳಿಗಾದರೆ ತೋಟದಾಚೆಗೂ ಕೇಳುವ ಕೂಗು. "ಕೂಸೇ, ಊಟ ಆತಾ?" ಅಷ್ಟೇ ಕೇಳಿ ಇಟ್ಟುಬಿಡುತ್ತಿದ್ದರು, ಉತ್ತರ ಕೇಳಿದರೆ ಬಿಲ್ಲು ಜಾಸ್ತಿಯಾಗುತ್ತದೆಂದು. ಇದನ್ನು ನೆನೆದು ಅರುಣನಿಗೆ ನಗು ಬರುತ್ತಿದ್ದಂತೆ ಕುಮಾರ ಎದುರು ಬಂದು ನಿಂತು, ಅವನ ಭುಜ ತಟ್ಟಿ, ತನ್ನ ಫೋನು ಮುಂದೆ ಹಿಡಿದ. ಕಿವಿಯ ಹತ್ತಿಯನ್ನು ತೋರಿಸಿ ತೆಗೆಯಲು ಸನ್ನೆ ಮಾಡಿದ. ಅರುಣ ತಲೆಯಾಡಿಸಿದ. ಕುಮಾರ ಬಗ್ಗಿ ಹತ್ತಿಯ ಮೇಲೆಯೇ ಕೂಗಿದ.

"ಅರುಣಣ್ಣ, ದೀಪಣ್ಣಂದು. ನಿಮ್ಗೇ ಕೊಡ್ಬೇಕಂತೆ. ಅರ್ಜೆಂಟಂತೆ."

ಬಸ್ಸಿನವರೆಲ್ಲ ನೋಡಿದರು. ದೀಪು ಜ್ಯೋತ್ಸ್ನಾಗೆ ಮಾತ್ರ ಹೇಳುತ್ತೇನೆಂದು ಒಪ್ಪಿದ್ದವನು, ಒಪ್ಪಿದ್ದನ್ನು ಮರೆತು ಕಂಡಕ್ಟರನ ನಂಬರು ಹುಡುಕಿ ಮಾಡಿದ್ದಾನೆಂದರೆ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದರ್ಥ. ಬುದ್ಧಿ ಯಾವಾಗ ಸ್ಥಿಮಿತ ತಪ್ಪುತ್ತದೆ ಎಂಬುದು ಅಪ್ಪನನ್ನು ಕಳೆದುಕೊಂಡ ಅರುಣನಿಗೆ ಗೊತ್ತಿತ್ತು. "ನಾನು ಈ ಬಸ್ಸಲ್ಲಿಲ್ಲ ಅಂತ ಹೇಳು" ಎಂದ. "ಇದೀರಿ ಅಂತ ಹೇಳ್ಬಿಟ್ನಲ್ಲ." "ಹಂಗಾದ್ರೆ ಇಳಿದೆ ಅಂತ ಹೇಳು." ಕುಮಾರ ಫೋನನ್ನು ಅಂಗೈಯಿಂದ ಮುಚ್ಚಿ ಅವನನ್ನೇ ನೋಡಿದ. ಮುಚ್ಚಿದ ಅಂಗೈಯ ಒಳಗಿನಿಂದ ಯಾರೋ ಬಿಕ್ಕಿದ ಹಾಗೊಂದು ಸದ್ದು ಬಂತು, ಹತ್ತಿಯನ್ನೂ ದಾಟಿ ಬಂತು. ಅರುಣ ಎದ್ದು, ಬ್ಯಾಗು ಎತ್ತಿಕೊಂಡು ಬಾಗಿಲಿಗೆ ಹೋಗಿ ನಿಂತ. ನರಸಿಂಹರಾಜಪುರ ಆಗಲೇ ಶುರುವಾಗಿತ್ತು, ಮೊದಲ ಸ್ಟಾಪಿನಲ್ಲೇ ಇಳಿದುಬಿಟ್ಟ. ಶಿವಮೊಗ್ಗದ ಟಿಕೆಟು ಜೇಬಿನಲ್ಲಿತ್ತು. ಹೇಳಿಸಿದ ಸುಳ್ಳು ಸುಳ್ಳಾಗಬಾರದೆಂದು ಇಳಿದೆ, ನನ್ನಂಥ ಸತ್ಯವಂತ ಇನ್ನೊಬ್ಬನಿಲ್ಲ ಎಂದು ಬಿಸಿಲಿನಲ್ಲಿ ನಿಂತು ಅಂದುಕೊಂಡ. ಬಸ್ಸು ಮುಂದೆ ಹೋಗುವಾಗ ಕುಮಾರ ಬಾಗಿಲಿನಲ್ಲಿ ನಿಂತು ಫೋನಿಗೆ ಏನೋ ಹೇಳುತ್ತ ಇವನ ಕಡೆ ಕೈ ತೋರಿಸುತ್ತಿದ್ದ.

ಹೋದರು. ಯಾರೂ ಹೇಳಲಿಲ್ಲ, ಕಿವಿಗೆ ಬೀಳಲಿಲ್ಲ, ಆದರೆ ಹೋದರು. ಕಾಲುಗಳು ತಾವಾಗಿ ಇಳಿಜಾರು ಹಿಡಿದು ಊರಾಚೆಯ ಭದ್ರಾ ಹಿನ್ನೀರಿನ ಕಡೆ ನಡೆದವು. ಬೇಸಿಗೆಗೆ ನೀರು ಹಿಂದೆ ಸರಿದು, ಮುಳುಗಿದ್ದ ಮರಗಳ ಬೊಡ್ಡೆಗಳು, ಯಾವ ಕಾಲದ್ದೋ ಗದ್ದೆಯ ಅಂಚುಗಳು ಮೇಲೆ ಬಂದಿದ್ದವು. ಸಾವಿನ ಸುದ್ದಿ ಕೇಳಿದವನು ಉಟ್ಟ ಬಟ್ಟೆಯಲ್ಲೇ ಮುಳುಗಬೇಕು. ಅಪ್ಪ ಹೋದ ದಿನ ಶಾಲೆಯಿಂದ ಕರೆತಂದು, ಭಂಡಿಗಡಿಯ ಹಳ್ಳದಲ್ಲಿ ತಲೆಯ ಮೇಲೆ ಕೈಯಿಟ್ಟು ಮುಳುಗಿಸಿದ್ದು ದೊಡ್ಡಪ್ಪನೇ. ನೀರಿನೊಳಗೆ ಉಸಿರುಗಟ್ಟಿ ಹೆದರಿದವನನ್ನು ಎತ್ತಿ, "ಆತು ಮಾಣಿ, ಆತು, ಇನ್ನು ನಾ ಇದ್ದೆ" ಎಂದಿದ್ದರು. ಅರುಣ ಚಪ್ಪಲಿ ಬಿಟ್ಟು ನೀರಿಗಿಳಿದ. ಮೊಣಕಾಲು ಮುಳುಗಿತು, ಪ್ಯಾಂಟು ಭಾರವಾಯಿತು. ಸೊಂಟದ ತನಕ ಹೋಗಿ ನಿಂತ. ಮುಳುಗಿದರೆ ಕೇಳಿದ್ದೇನೆ ಎಂದು ಒಪ್ಪಿದ ಹಾಗೆ. ಮುಳುಗದಿದ್ದರೆ ಆ ಕೈಗೆ, ಆ ಮಾತಿಗೆ ಏನು ಉತ್ತರ? ಪಕ್ಕದಲ್ಲಿ ಎಮ್ಮೆ ತೊಳೆಯುತ್ತಿದ್ದ ಹೆಂಗಸು ಕೈ ನಿಲ್ಲಿಸಿ, "ಯಾರು ಹೋದ್ರು ಅಯ್ಯ?" ಎಂದಳು. "ಯಾರೂ ಇಲ್ಲ. ಸೆಕೆ" ಎಂದ. "ಸೆಕೆಗೆ ಯಾರೂ ಅಳೋದಿಲ್ಲ" ಎಂದು ಅವಳು ಎಮ್ಮೆಯ ಬೆನ್ನಿಗೆ ನೀರು ಎರಚಿದಳು. ಆಗಲೇ ಅವನಿಗೆ ಗೊತ್ತಾದದ್ದು, ಮುಖವೆಲ್ಲ ಒದ್ದೆಯಾಗಿತ್ತು. ತಲೆ ಮುಳುಗಿಸಲಿಲ್ಲ. ಸೊಂಟದ ಕೆಳಗೆ ಸೂತಕದವನಾಗಿ, ಮೇಲೆ ಮದುವೆಯವನಾಗಿ ದಡಕ್ಕೆ ಬಂದು ಕಲ್ಲಿನ ಮೇಲೆ ಕೂತು ಬಾಯಿಬಿಟ್ಟು ಅತ್ತ. ದೊಡ್ಡಪ್ಪ, ತಪ್ಪಾಯಿತು, ಕೂಸಿಗಾಗಿ ಮಾಡಿದೆ ಎಂದು ಸತ್ತವರ ಹತ್ತಿರ ಹೇಳುವ ಹಾಗೆ ಹೇಳಿಕೊಂಡ. ಅತ್ತು ಮುಗಿದ ಮೇಲೆ ಹಸಿವಾಯಿತು. ಪೇಟೆಗೆ ಬಂದು ಊಟ ಮಾಡಿದ, ಅನ್ನ ಎರಡನೆಯ ಸಲ ಹಾಕಿಸಿಕೊಂಡ.

ಇನ್ನೊಂದು ಬಸ್ಸು ಹಿಡಿದು ಮುತ್ತಿನಕೊಪ್ಪ ದಾಟಿ ಕಾಡಿನ ದಾರಿಯಲ್ಲಿ ಶಿವಮೊಗ್ಗ ಸೇರುವಾಗ ಪ್ಯಾಂಟು ಒಣಗಿ ಗಟ್ಟಿಯಾಗಿತ್ತು. ಅಷ್ಟರಲ್ಲಿ ದಿಬ್ಬಣದ ವಿಮಾನ ಗೋವಾ ಮುಟ್ಟಿ, ನೆಂಟರೆಲ್ಲ ಎಳನೀರು ಕುಡಿಯುತ್ತಿರಬೇಕು. ಅವರಲ್ಲಿ ಎಷ್ಟು ಜನಕ್ಕೆ ಗೊತ್ತಾಗಿದೆ, ಎಷ್ಟು ಜನ ಗೊತ್ತಿಲ್ಲದ ಹಾಗೆ ನಗುತ್ತಿದ್ದಾರೆ ಎಂದು ಯೋಚಿಸುತ್ತ ಕೋಚು ಹತ್ತಿದ. ಮಲಗುವ ಕೋಚು. ಪರದೆ ಎಳೆದುಕೊಂಡರೆ ಯಾರೂ ಯಾರಿಗೂ ಇಲ್ಲ. ನಿದ್ದೆ ಬರುವುದಿಲ್ಲ ಎಂದುಕೊಂಡವನಿಗೆ ಗಡದ್ದಾಗಿ ಬಂತು. ಪಣಜಿಯಲ್ಲಿ ಕಣ್ಣು ಬಿಟ್ಟಾಗ ಬೆಳಕಾಗಿತ್ತು, ಕಿವಿಯ ಹತ್ತಿ ದಿಂಬಿನ ಮೇಲೆ ಬಿದ್ದಿತ್ತು.

ಹಳೆ ಗೋವಾದ ಕಡವಿನಲ್ಲಿ ಫೆರಿ ಬಾಯಿ ತೆರೆದು ನಿಂತಿತ್ತು. ಸ್ಕೂಟರುಗಳು, ಶಾಲೆಯ ಮಕ್ಕಳು, ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಬ್ರೆಡ್ಡು ಮಾರುವವನು, ಎಲ್ಲರೂ ಹತ್ತಿದರು, ಅರುಣನೂ ಹತ್ತಿದ. ಕಬ್ಬಿಣದ ನೆಲ ಕಾಲಿನಡಿಯಲ್ಲಿ ನಡುಗಿ, ದಡ ಮೆಲ್ಲಗೆ ಕಳಚಿಕೊಂಡಿತು. ಇಲ್ಲಿ ಯಾರಿಗೂ ಕೊಪ್ಪ ಗೊತ್ತಿಲ್ಲ, ಭಂಡಿಗಡಿ ಗೊತ್ತಿಲ್ಲ, ಆಡುವ ಮಾತು ಕೂಡ ತನಗೆ ಪೂರ್ತಿ ತಿಳಿಯದ ಕೊಂಕಣಿ. ನಿನ್ನೆಯಿಡೀ ಹೆದರಿಸಿದ ಮುಖಗಳ ಬದಲು ಇಲ್ಲಿ ಬರೀ ಮುಖಗಳು. ಬ್ರೆಡ್ಡಿನವನು ನಕ್ಕ, ಅರುಣ ಒಂದು ಬ್ರೆಡ್ಡು ಕೊಂಡು ಬಿಸಿಬಿಸಿಯಾಗಿ ಹರಿದು ತಿಂದ. ಗೆದ್ದೆ ಎನಿಸಿತು. ಇನ್ನು ಒಂದು ಗಳಿಗೆ, ನಾಂದಿ, ಆಮೇಲೆ ಯಾರು ಬೇಕಾದರೂ ಬಂದು ಏನು ಬೇಕಾದರೂ ಹೇಳಲಿ. ದೊಡ್ಡಪ್ಪನ ಅಳುವನ್ನು ಹಿನ್ನೀರಿನ ಹತ್ತಿರವೇ ಮುಗಿಸಿ ಬಂದಿದ್ದೇನೆ, ಉಳಿದ ಕರ್ಮಗಳನ್ನು ಊರಿಗೆ ಹೋಗಿ ಯಾವ ಕೊರತೆಯೂ ಇಲ್ಲದ ಹಾಗೆ ಮಾಡುತ್ತೇನೆ, ಹನ್ನೆರಡನೆಯ ದಿನ ಊರಿಗೆಲ್ಲ ಊಟ ಹಾಕಿಸುತ್ತೇನೆ ಎಂದು ಲೆಕ್ಕ ಹಾಕಿದ. ನದಿ ಅಗಲವಾಗಿ, ಮಣ್ಣುಬಣ್ಣವಾಗಿ, ಯಾವ ಗಡಿಬಿಡಿಯೂ ಇಲ್ಲದೆ ಹರಿಯುತ್ತಿತ್ತು.

ಆಚೆ ದಡದಲ್ಲಿ ಜ್ಯೋತ್ಸ್ನಾ ಒಬ್ಬಳೇ ನಿಂತಿದ್ದಳು. ರೇಷ್ಮೆ ಸೀರೆ, ತಲೆಗೆ ಸ್ನಾನ ಮಾಡಿದ ಒದ್ದೆ ಕೂದಲು. ಅವನ ಕೈಯಿಂದ ಬ್ಯಾಗು ತೆಗೆದುಕೊಂಡಳು. ಇಬ್ಬರೂ ಗುಡಿಯ ದಾರಿ ಹಿಡಿದರು. ಅವಳು ಏನನ್ನೂ ಹೇಳುವುದಿಲ್ಲ, ಅವಳ ಹೊಟ್ಟೆ ಗಟ್ಟಿ ಎಂದು ಅರುಣ ಹೆಮ್ಮೆಪಡುತ್ತಿರುವಾಗಲೇ ಅವಳು ನಿಂತಳು.

"ನಿನ್ನೆ ಕುಮಾರನ ಫೋನು ಯಾಕೆ ತಗೊಳ್ಳಲಿಲ್ಲ?"

"ದೀಪು ನಿನಗೆ ಮಾತ್ರ ಮಾಡಬೇಕಿತ್ತು. ತಗೊಂಡಿದ್ರೆ ಕಿವಿಗೆ ಬೀಳ್ತಿತ್ತಲ್ಲ."

"ದೀಪು ಅಲ್ಲ. ಅವನು ಹಿಡ್ಕೊಂಡಿದ್ದ ಅಷ್ಟೆ. ಮಾತಾಡೋಕೆ ಕೂತಿದ್ದು ದೊಡ್ಡಪ್ಪಯ್ಯ." ಅವಳು ನದಿಯ ಕಡೆ ನೋಡಿಕೊಂಡು ಹೇಳುತ್ತಿದ್ದಳು. "ನಿನ್ನೆ ಬೆಳಿಗ್ಗೆ ಎಚ್ಚರ ಬಂತಂತೆ, ಎಬ್ಬಿಸಿ ಕೂರಿಸಿ ಅಂದ್ರಂತೆ. ಕಿಟಕಿ ಪರದೆ ತೆಗೆಸಿ ಬಸ್ ಸ್ಟ್ಯಾಂಡು ನೋಡಿದಾರೆ. ನೀವು ಮೆಡಿಕಲ್ ತನಕ ಬಂದು ವಾಪಸು ಹೋಗಿದ್ದು ಕಾಣ್ತಂತೆ. ಮಾಣಿ ಹತ್ರ ಒಂದು ಮಾತು ಹೇಳ್ಬೇಕು, ಫೋನು ಮಾಡಿಕೊಡು ಅಂತ ಹಟ ಹಿಡಿದ್ರಂತೆ."

ತಾನು ಹಿನ್ನೀರಿನಲ್ಲಿ ನಿಂತು ಅತ್ತು ಮುಗಿಸಿದ ಮನುಷ್ಯ ಆಗ ಹಾಸಿಗೆಯ ಮೇಲೆ ಎದ್ದು ಕೂತು, ಫೋನು ಕಿವಿಗೆ ಹಿಡಿದು ತನಗಾಗಿ ಕಾಯುತ್ತಿದ್ದರು. "ಎಂತ ಹೇಳ್ಬೇಕಿತ್ತಂತೆ?" ಎಂದ ಅರುಣ.

"ನಿಮಗೇ ಹೇಳ್ಬೇಕು ಅಂದ್ರಂತೆ. ದೀಪುಗೆ ಹೇಳಲಿಲ್ಲ. ನೀವು ಇಳಿದು ಹೋದ್ರಿ ಅಂತ ಕುಮಾರ ಹೇಳಿದ್ಮೇಲೆ ಇನ್ನೊಂದ್ಸಲ ಮಾಡು, ಇನ್ನೊಂದ್ಸಲ ಮಾಡು ಅಂತಿದ್ರಂತೆ." ಒಂದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಒಪ್ಪಿದ್ದಳು. ಈ ಮಾತನ್ನೂ ಸೇರಿಸಿ ಎರಡನ್ನು ಇಟ್ಟುಕೊಳ್ಳಲು ಅವಳಿಂದಲೂ ಆಗಲಿಲ್ಲ.

"ನನ್ನ ಫೋನು ಕೊಡು" ಎಂದ ಅರುಣ. ಕೈ ಚಾಚಿದ. "ಈಗಲೇ ಮಾಡ್ತೀನಿ. ಇಲ್ಲೇ ನಿಂತು ಮಾತಾಡಿ ಬತ್ತೆ. ಕೊಡು."

ಜ್ಯೋತ್ಸ್ನಾ ಅವನ ಚಾಚಿದ ಕೈಯನ್ನು ನೋಡಿದಳು. ಬ್ಯಾಗನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡಳು.

"ಈಗ ಬೇಡ" ಎಂದಳು. "ನಾಂದಿ ಆಗಲಿ."

ಅಷ್ಟೇ ಹೇಳಿದಳು, ಮುಂದೆ ನಡೆದಳು. ಪುರೋಹಿತರ ಲೆಕ್ಕದಲ್ಲಿ ಅವನ ಕಿವಿಗೆ ಇನ್ನೂ ಏನೂ ಬಿದ್ದಿರಲಿಲ್ಲ. ಅವಳ ಒದ್ದೆ ಕೂದಲಿನ ಹಿಂದೆ ಅವನೂ ನಡೆದ.

ಗುಡಿಯ ಅಂಗಳದಲ್ಲಿ ಚಪ್ಪರ, ಹಲಗೆಯ ಮಣೆಗಳು, ಗಲಾಟೆ. ರಮ್ಯ ಹಳದಿ ಸೀರೆಯಲ್ಲಿ ಓಡಿಬಂದು, "ಬಂದ್ರಾ ಅಪ್ಪ? ಬಸ್ಸಲ್ಲಿ ಬಂದು ಹೆಂಗಾಗಿದೀರ ನೋಡಿ" ಎಂದು ಅವನ ಗಲ್ಲ ಸವರಿದಳು. ಇಷ್ಟು ಸಂತೋಷವಾಗಿರುವ ಮಗಳನ್ನು ಅವನು ನೋಡಿ ವರ್ಷಗಳಾಗಿದ್ದವು. ಬಾವಿಕಟ್ಟೆಯಲ್ಲಿ ನಾಲ್ಕು ಕೊಡ ತಲೆಯ ಮೇಲೆ ಸುರಿದುಕೊಂಡು, ಮಡಿಯುಟ್ಟು ಬಂದು ಮಣೆಯ ಮೇಲೆ ಕೂತ. ಪಕ್ಕದಲ್ಲಿ ಜ್ಯೋತ್ಸ್ನಾ, ಅವಳ ಪಕ್ಕದಲ್ಲಿ ರಮ್ಯ. ಗಂಡಿನ ಕಡೆಯ ಪುರೋಹಿತರು ವಯಸ್ಸಾದವರು, ಕೊಂಕಣಿ ಬೆರೆಸಿ ಕನ್ನಡ ಆಡುವವರು. ದರ್ಭೆಯ ಪವಿತ್ರವನ್ನು ಅವನ ಬೆರಳಿಗೆ ಕೊಟ್ಟು, ಸಂಕಲ್ಪಕ್ಕೆ ಮೊದಲು, ಎಲ್ಲರನ್ನೂ ಕೇಳುವ ಮಾತನ್ನು ಎಲ್ಲರಿಗೂ ಕೇಳುವ ಹಾಗೆಯೇ ಕೇಳಿದರು.

"ನಿಮ್ಮ ಮನೆಯಲ್ಲಿ ಸೂತಕ ಏನೂ ಇಲ್ಲ ಅಲ್ಲ?"

ಅರುಣ ಮಗಳ ಕಡೆ ನೋಡಿದ. "ಇಲ್ಲ" ಎಂದ.

ಪುರೋಹಿತರು ಕಿವಿಯ ಹಿಂದೆ ಕೈಯಿಟ್ಟು ಮುಂದೆ ಬಾಗಿದರು. "ಕೇಳಲಿಲ್ಲ. ಜೋರಾಗಿ ಹೇಳಿ" ಎಂದರು.